ನಮ್ಮ ಬೆಟ್ಟಕ್ಕೆ ಬೇಟೆ ನಾಯಿ ಬಿಟ್ರು: ಪೊಲೀಸು, ಫಾರೆಸ್ಟು, ಪಂಚಾಯ್ತಿ ಅಂತ ಅಲೆದ ಕಥೆ

ಹೋದ ವಾರ ಫಾರೆಸ್ಟ್ ಆಫೀಸಿಂದ ಎಫ್‌ಒಸಿ (ಅಂದ್ರೆ ಅರಣ್ಯ ಅಪರಾಧ ಕೇಸು) ನಂಬರ್ ಹಾಕಿದ ಹಿಂಬರಹ ಕೈಗೆ ಬಂತು. ನಮ್ಮ ಪಾಲಿನ ಓಡಾಟ ಹೆಚ್ಚುಕಮ್ಮಿ ಮುಗೀತು ಅಂದ್ಕೊಂಡು ಇದನ್ನ ಬರೀತಾ ಇದೀನಿ. ಶುರುವಾದಾಗ ಯಾರನ್ನ ಕೇಳಿದ್ರೂ "ಮಲೆನಾಡಲ್ಲಿ ಇದೆಲ್ಲ ಇದ್ದಿದ್ದೇ ಬಿಡಿ" ಅಂತಿದ್ರೇ ಹೊರತು ಯಾವ ಆಫೀಸಿಗೆ ಹೋಗ್ಬೇಕು, ಅರ್ಜೀಲಿ ಏನು ಬರೀಬೇಕು, ಯಾವ ಕಾಗದ ಬೇಕು ಅಂತ ಹೇಳೋರು ಒಬ್ರೂ ಸಿಗ್ಲಿಲ್ಲ. ನಿಮ್ಮ ತೋಟಕ್ಕೋ ಬೆಟ್ಟಕ್ಕೋ ಭಾನುವಾರ ಭಾನುವಾರ ನಾಯಿ ಹಿಂಡು ನುಗ್ತಾ ಇದ್ರೆ ಪೂರ್ತಿ ಓದಿ.

ನಮ್ಮದು ಘಟ್ಟದ ಮೇಲಿನ ಉತ್ತರ ಕನ್ನಡ, ಅಡಿಕೆ ತೋಟ. ಹೊರಗಿನೋರಿಗೆ ಒಂದು ಮಾತು ಹೇಳ್ಬೇಕು, ಯಾಕಂದ್ರೆ ಮುಂದಿನ ಅರ್ಧ ತಲೆನೋವು ಇದರಿಂದಾನೇ ಬಂದಿದ್ದು. ನಮ್ಮ ಕಡೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ಬೇಕು ಅಂತ ಬ್ರಿಟಿಷರ ಕಾಲದಿಂದ ತೋಟಕ್ಕೆ ಹೊಂದಿಸಿ ಬೆಟ್ಟ ಬಿಟ್ಟುಕೊಟ್ಟಿದಾರೆ, ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೆ. ಸೊಪ್ಪು ಕಡಿಯೋ, ದರಕು ಗುಡಿಸೋ ಹಕ್ಕು ನಮ್ದು, ಆದ್ರೆ ಭೂಮಿ ಮಾತ್ರ ಅರಣ್ಯದ್ದು. ಅಂದ್ರೆ ಮನೆ, ತೋಟ ಮಾಲ್ಕಿ ಜಮೀನು, ಅದರ ಮೇಲಿನ ಇಳಿಜಾರು ಬೆಟ್ಟ, ಅದರಾಚೆ ರಿಸರ್ವ್ ಫಾರೆಸ್ಟು. ನಡ್ಕೊಂಡು ಹೋಗೋರಿಗೆ ಒಂದೇ ಕಾಡು, ಆಫೀಸಿಗೆ ಹೋದ್ರೆ ಮೂರು.

ಹಂದಿ ಬೇಟೆ ನಮ್ಮೂರಿಗೆ ಹೊಸದಲ್ಲ. ನಮ್ಮ ಮಾವನೋರು ಇದ್ದಾಗಿಂದಾನೂ ಇತ್ತಂತೆ, ಆಗ ಊರೋರೇ ನಾಲ್ಕು ಜನ, ಎರಡು ನಾಯಿ, ಬರೋಕೆ ಮುಂಚೆ ಹೇಳಿ ಬರ್ತಿದ್ರಂತೆ. ಈಗ ಹಂಗಿಲ್ಲ. ಬೇರೆ ಊರಿಂದ ಜೀಪಲ್ಲಿ, ಬೈಕಲ್ಲಿ ಬರ್ತಾರೆ, ಹತ್ತು ಹದಿನೈದು ನಾಯಿ ಇರತ್ತೆ, ಕೆಳಗಡೆ ಹಳ್ಳದ ಅಂಚಿಗೆ ಬಲೆ ಕಟ್ಟಿ, ಕೋವಿ ಇಟ್ಕೊಂಡೋರು ಒಬ್ಬಿಬ್ರು ಕೂತ್ಕೋತಾರೆ, ಉಳಿದೋರು ಮೇಲಿಂದ ಕೂಗು ಹಾಕ್ತಾ ನಾಯಿ ಬಿಟ್ಕೊಂಡು ಹಳು ನುಗ್ತಾರೆ. ನಾಯಿಗೆ ಸರ್ವೆ ನಂಬರ್ ಗೊತ್ತಾಗಲ್ಲ ನೋಡಿ. ಹಂದಿ ತೋಟದೊಳಗೆ ಇಳಿದ್ರೆ ನಾಯೀನೂ ತೋಟಕ್ಕೆ, ಹಿಂದಿಂದ ಈಟಿ ಹಿಡಿದೋರೂ ತೋಟಕ್ಕೆ. ಬಾಳೆ ಮುರೀತು, ಹನಿ ನೀರಾವರಿ ಪೈಪು ಕಿತ್ತುಹೋಯ್ತು ಅಂತ ಕೇಳಿದ್ರೆ "ನಿಮ್ಮ ತೋಟ ಹಾಳ್ಮಾಡೋ ಹಂದೀನೇ ಅಲ್ವಾ ಹೊಡೀತಿರೋದು, ಉಪಕಾರ ಮಾಡಿದ್ರೂ ಬೈತೀರಲ್ಲ" ಅಂತ ನಮಗೇ ಹೇಳೋರು. ಎರಡು ವರ್ಷ ಇದೇ ಸಹಿಸ್ಕೊಂಡ್ವಿ.

ಈ ಸಲ ದರಕು ಗುಡಿಸೋ ಟೈಮಲ್ಲಿ ಆಯ್ತು. ಕೆಲಸಕ್ಕೆ ಬರೋ ಹೆಂಗಸ್ರು ನಾಲ್ಕು ಜನ ಬೆಟ್ಟದಲ್ಲಿ ದರಕು ಗುಡಿಸ್ತಾ ಇದ್ರು, ನಾನು ಚಾ ತಗೊಂಡು ಹೋಗ್ತಾ ಇದ್ದೆ. ಮೇಲಿಂದ ಕೂಗು ಕೇಳ್ತು, ಆಮೇಲೆ ನಾಯಿ ಕೊರಳ ಗಂಟೆ ಸದ್ದು. ಮೊದಲು ಒಂದು ಹಂದಿ ನಮ್ಮ ಮುಂದೇ ದಡದಡ ಅಂತ ಇಳೀತು, ಅದರ ಬೆನ್ನಿಗೆ ನಾಯಿ ಹಿಂಡು. ಹಂದಿ ಹಳ್ಳಕ್ಕೆ ತಿರುಗಿ ತಪ್ಪಿಸ್ಕೊಂಡ್ತು. ನಾಯಿಗಳಲ್ಲಿ ಐದಾರು ದಿಕ್ಕು ತಪ್ಪಿ, ಅಲ್ಲೇ ಮೇಯ್ತಿದ್ದ ನಮ್ಮ ಮಲೆನಾಡು ಗಿಡ್ಡ ಮಣಕಕ್ಕೆ (ಇನ್ನೂ ಕರು ಹಾಕದ ಎಳೇ ದನ) ಬಿದ್ವು. ಒಂದು ಬಾಲದ ಬುಡ ಕಚ್ಚಿ ಜೋತಾಡ್ತಿತ್ತು, ಇನ್ನೊಂದು ಹಿಂಗಾಲು. ಬಿಡಿಸೋಕೆ ಹೋದ ಒಬ್ಬ ಅಕ್ಕನಿಗೆ ಮುಂಗೈ ಹರೀತು. ಆ ನಾಯಿ ನಂಗೆ ಇವತ್ತಿಗೂ ಕಣ್ಣಲ್ಲಿದೆ, ಕಂದು ಬಣ್ಣ, ಎಡಗಿವಿ ಅರ್ಧ ಇಲ್ಲ, ಎದೆ ಮೇಲೆ ಹಂದಿ ಕೋರೆಯಿಂದ ಆದ ಹಳೇ ಗಾಯ ಹೊಲಿದ ಗುರುತು, ಕೊರಳಿಗೆ ಸೈಕಲ್ ಟ್ಯೂಬ್ ಸುತ್ತಿದ ಚರ್ಮದ ಪಟ್ಟಿ, ಅದಕ್ಕೆ ಹಿತ್ತಾಳೆ ಗಂಟೆ. ಆ ಗಾಬರೀಲೂ ಫೋಟೋ ತೆಗ್ದೆ. ಮುಂದೆ ಕೇಸು ನಿಂತಿದ್ದೇ ಆ ಫೋಟೋ ಮೇಲೆ.

ನಾಯಿ ಕರ್ಕೊಂಡು ಹೋಗೋಕೆ ಬಂದ ಹುಡುಗ್ರನ್ನ "ಯಾರ ನಾಯಿ ಇದು" ಅಂತ ಕೇಳಿದ್ರೆ "ನಮ್ದಲ್ಲ ಅಕ್ಕಾ, ಊರ ನಾಯಿ" ಅಂದು ಸೀಟಿ ಹೊಡೆದ್ರು, ಎಲ್ಲಾ ನಾಯೀನೂ ಅವರ ಹಿಂದೆ ಹೋದ್ವು. ಅದರ ವಿಡಿಯೋ ಹೆಂಗಸ್ರಲ್ಲೊಬ್ಬಳು ಮಾಡಿದ್ಲು. ಊರ ನಾಯಿ ಸೀಟಿಗೆ ಹಂಗೆ ಹೋಗತ್ತಾ ಹೇಳಿ.

ಮೊದಲ ಕೆಲಸ ಗಾಯ. ಯಾರಿಗೇ ಕಚ್ಚಿದ್ರೂ ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೀರಿ, ಅರಿಶಿನ, ಸುಣ್ಣ ಹಚ್ಚೋಕೆ ಹೋಗ್ಬೇಡಿ. ಸರ್ಕಾರಿ ಆಸ್ಪತ್ರೇಲಿ ರೇಬಿಸ್ ಲಸಿಕೆ ಹಾಕ್ತಾರೆ, 0, 3, 7, 28ನೇ ದಿನ ಅಂತ ಚೀಟೀಲಿ ಬರ್ಕೊಟ್ರು, ರಕ್ತ ಬಂದಿದೆ ಅಂದ್ರೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕು, ಅದನ್ನ ಕೇಳಿ ಹಾಕಿಸ್ಕೊಳ್ಳಿ, ಎಲ್ಲಾ ಆಸ್ಪತ್ರೇಲೂ ಇರಲ್ಲ, ನಾವು ತಾಲೂಕಿಗೆ ಹೋಗ್ಬೇಕಾಯ್ತು. ಬೇಟೆಗೆ ಹೋಗೋ ನಾಯಿ ಕಾಡುಪ್ರಾಣಿ ಜೊತೆ ಕಚ್ಚಾಡಿರತ್ತೆ, ಅದಕ್ಕೆ ಲಸಿಕೆ ಆಗಿದ್ಯೋ ಇಲ್ವೋ ಯಾರಿಗೂ ಗೊತ್ತಿರಲ್ಲ. ಒಪಿಡಿ ಚೀಟೀಲಿ "ನಾಯಿ ಕಡಿತ" ಅಂತ, ತಾರೀಖು, ಟೈಮ್ ಬರೆಸಿ. ಆ ಅಕ್ಕ ಕೂಲಿ ಹೋಗತ್ತೆ ಅಂತ ಮೂರನೇ ಡೋಸಿಗೆ ಬರಲ್ಲ ಅಂತ ಕೂತಿದ್ಲು, ಕೂಲಿ ನಾನೇ ಕೊಟ್ಟು ಕರ್ಕೊಂಡು ಹೋದೆ.

ಮಣಕಕ್ಕೆ ಪಶು ವೈದ್ಯರು ಮನೆಗೇ ಬಂದ್ರು (1962ಕ್ಕೆ ಫೋನ್ ಮಾಡಿದ್ರೆ ಸಂಚಾರಿ ಪಶು ಆಸ್ಪತ್ರೆ ಬರತ್ತೆ, ನಮ್ಮ ಕಡೆ ರಸ್ತೆಗೆ ಸ್ವಲ್ಪ ಕಾಯ್ಬೇಕು ಅಷ್ಟೇ). ದನಕ್ಕೂ ಕಚ್ಚಿದ ಮೇಲೆ ರೇಬಿಸ್ ಲಸಿಕೆ ಸರಣಿ ಇದೆ, ಅದನ್ನ ಹೊರಗಡೆ ತಗೋಬೇಕಾಯ್ತು. ಡಾಕ್ಟ್ರ ಹತ್ರ ಗಾಯದ ಸರ್ಟಿಫಿಕೇಟ್ ಕೇಳಿದೆ. ಇಲ್ಲೇ ಮೊದಲ ಎಡವಟ್ಟು. ಪಕ್ಕದ ಮನೆಯೋರು ಬಂದು ನಿಧಾನಕ್ಕೆ ಹೇಳಿದ್ರು, "ತಂಗಿ, ಚಿರತೆ ಹಿಡೀತು ಅಂತ ಬರ್ಸಿಬಿಡು, ಫಾರೆಸ್ಟಿಂದ ಪರಿಹಾರ ಸಿಗ್ತು, ನಾಯಿ ಅಂದ್ರೆ ಚಿಕ್ಕಾಸೂ ಇಲ್ಲ." ಅವರು ಹೇಳಿದ್ದು ಹಣದ ವಿಷಯದಲ್ಲಿ ನಿಜ, ಕಾಡುಪ್ರಾಣಿ ದನ ಹಿಡಿದ್ರೆ ಇಲಾಖೆ ಪರಿಹಾರ ಕೊಡತ್ತೆ, ಸಾಕಿದ ನಾಯಿಗೆ ಕೊಡಲ್ಲ. ಆದ್ರೆ ಹಂಗೆ ಬರೆಸಿದ್ರೆ ನಾಯಿ ಬಿಟ್ಟೋರು ಸಲೀಸಾಗಿ ಪಾರು. ಡಾಕ್ಟ್ರೂ ಒಪ್ಪೋರಲ್ಲ, ಅವರೇ ತೋರಿಸಿದ್ರು, ಚಿರತೆ ಆಗಿದ್ರೆ ಗಂಟಲು ಹಿಡೀತಿತ್ತು, ಇಲ್ಲಿ ಕುತ್ತಿಗೆ ಮುಟ್ಟೇ ಇಲ್ಲ, ಗಾಯ ಎಲ್ಲ ಹಿಂಗಾಲು, ಬಾಲ, ಕಿವಿ. ಅದನ್ನೇ ಬರ್ಕೊಟ್ರು.

ಸಂಜೆ ಪೊಲೀಸ್ ಸ್ಟೇಷನ್. ನನ್ನ ನೋಡಿದ ತಕ್ಷಣ "ಯಜಮಾನ್ರು ಎಲ್ಲಿ ಮೇಡಂ" ಅಂದ್ರು. ಯಜಮಾನ್ರು ಬೆಂಗಳೂರಲ್ಲಿ ಕೆಲಸ, ತೋಟ ನೋಡೋದು ನಾನು ಅಂದೆ. ಕಥೆ ಎಲ್ಲ ಕೇಳಿ "ನಾಯಿ ಕಚ್ಚಿದ್ದಕ್ಕೆ ಪಂಚಾಯ್ತಿಗೆ ಕೊಡಿ, ಬೇಟೆ ಅಂದ್ರೆ ಫಾರೆಸ್ಟಿನೋರು ನೋಡ್ಬೇಕು" ಅಂದ್ರು. ಮಾರನೇ ದಿನ ಫಾರೆಸ್ಟ್ ಆಫೀಸಿಗೆ ಹೋದ್ರೆ ಸಾಹೇಬ್ರು ಫೀಲ್ಡಲ್ಲಿ, ಅದರ ಮಾರನೇ ದಿನ ಮೀಟಿಂಗಲ್ಲಿ, ಕೊನೆಗೆ ಸಿಕ್ಕಿದೋರು ಕೇಳಿದ ಪ್ರಶ್ನೆ ಇದು: "ಹಂದಿ ಸತ್ತಿದ್ಯಾ? ಇಲ್ವಲ್ಲ. ಮಾಂಸ ಇಲ್ಲ, ಬಂದೂಕು ಇಲ್ಲ, ಬೇಟೆ ಅಂತ ಹೆಂಗೆ ಕೇಸ್ ಹಾಕೋದು? ನಿಮ್ಮ ದನಕ್ಕೆ ನಾಯಿ ಕಚ್ಚಿದ್ರೆ ಅದು ಪೊಲೀಸ್ ಮ್ಯಾಟರ್." ಹೊರಗೆ ಬಂದು ಬೈಕ್ ಹತ್ರ ನಿಂತು ನಿಜಕ್ಕೂ ಅಳು ಬಂತು. ಅಲ್ಲೇ ಒಬ್ಬ ಗಾರ್ಡ್ ಪಾಪ ಚಾ ಕುಡಿಯೋಕೆ ಬಂದೋರು "ಮೇಡಂ ಬಾಯಲ್ಲಿ ಹೇಳ್ಬೇಡಿ, ಬರ್ದು ಕೊಡಿ, ಟಪಾಲಲ್ಲಿ ಸೀಲ್ ಹಾಕಿಸ್ಕೊಳ್ಳಿ" ಅಂತ ಹೇಳಿ ಹೋದ್ರು. ಆ ಒಂದು ಮಾತಿಗೆ ಅವರಿಗೆ ನಾನು ಋಣಿ.

ಆಮೇಲೆ ಊರಿನ ಪರಿಚಯದ ವಕೀಲರ ಹತ್ರ ಕೂತು ತಿಳ್ಕೊಂಡಿದ್ದು ಹೇಳ್ತೀನಿ, ಇದನ್ನ ಸರಿಯಾಗಿ ಓದ್ಕೊಳ್ಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೇಲಿ ಬೇಟೆ ಅಂದ್ರೆ ಕೊಲ್ಲೋದು ಒಂದೇ ಅಲ್ಲ. ಸೆಕ್ಷನ್ 2(16) ಪ್ರಕಾರ ಅಟ್ಟಿಸ್ಕೊಂಡು ಹೋಗೋದು, ಸೋಹು ಮಾಡೋದು (ಅಡಗಿದ ಪ್ರಾಣೀನ ಕೂಗಿ ಎಬ್ಬಿಸಿ ಓಡಿಸೋದು), ಬಲೆ, ಉರುಳು ಹಾಕೋದು, ಅದಕ್ಕೆ ಪ್ರಯತ್ನ ಪಡೋದು ಎಲ್ಲಾನೂ ಬೇಟೇನೇ. ಹಂದಿ ತಪ್ಪಿಸ್ಕೊಂಡ್ರೂ ಅಪರಾಧ ಆಗಿ ಆಯ್ತು. ಕಾಡುಹಂದಿ ಮೊದಲು ಮೂರನೇ ಶೆಡ್ಯೂಲಲ್ಲಿತ್ತು, 2022ರ ತಿದ್ದುಪಡಿ ಆದ್ಮೇಲೆ ಎರಡನೇದ್ರಲ್ಲಿದೆ, ಸೆಕ್ಷನ್ 51ರ ಪ್ರಕಾರ 3 ವರ್ಷದವರೆಗೆ ಜೈಲು ಇಲ್ಲಾ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಮಾಲ್ಕಿ ಜಮೀನಾಗಲಿ ಬೆಟ್ಟ ಆಗಲಿ ಈ ಕಾಯ್ದೆ ಎಲ್ಲಾ ಕಡೆ ನಡೆಯತ್ತೆ. "ನಮ್ಮ ಬೆಳೆ ತಿನ್ನತ್ತೆ ಅದಕ್ಕೆ ಹೊಡೀತೀವಿ" ಅನ್ನೋದಕ್ಕೂ ದಾರಿ ಇದೆ, ಸೆಕ್ಷನ್ 11ರಲ್ಲಿ ಬೆಳೆ ಹಾಳ್ಮಾಡೋ ಪ್ರಾಣಿಗೆ ಅಧಿಕಾರಿ ಲಿಖಿತ ಅನುಮತಿ ಕೊಡಬಹುದು, ಆದ್ರೆ ಆ ಕಾಗದ ಕೈಲಿ ಇರ್ಬೇಕು. ಬೆಳೆ ರಕ್ಷಣೆಗೆ ಅಂತ ಕೋವಿ ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಹೊಡೀಬಹುದು ಅಂತಲ್ಲ.

ಪೊಲೀಸ್ ಕಡೆಗೆ ಬೇರೆ ಅರ್ಜಿ. ಭಾರತೀಯ ನ್ಯಾಯ ಸಂಹಿತೆ 329 ಅತಿಕ್ರಮ ಪ್ರವೇಶಕ್ಕೆ, 291 ಸಾಕಿದ ಪ್ರಾಣಿನ ಹದ್ದುಬಸ್ತಲ್ಲಿ ಇಟ್ಕೊಳ್ಳದೆ ಜನಕ್ಕೆ ಅಪಾಯ ಮಾಡಿದ್ದಕ್ಕೆ. ದನಕ್ಕೆ ಗಾಯ ಮಾಡಿದ್ದು 325 ಅಂತಾನೂ ಇದೆ, ಆದ್ರೆ ಅದಕ್ಕೆ ಬೇಕಂತಲೇ ಮಾಡಿದ್ರು ಅಂತ ತೋರಿಸ್ಬೇಕು, ವಕೀಲರು ಅದನ್ನ ಜಾಸ್ತಿ ಎಳೀಬೇಡಿ ಅಂದ್ರು. ನಾವು ಮಾಡಿದ ದೊಡ್ಡ ಕೆಲಸ ಅಂದ್ರೆ ಎರಡು ಅರ್ಜಿ ಬೇರೆ ಬೇರೆ ಬರೆದು ಒಂದೇ ದಿನ ಎರಡೂ ಆಫೀಸಿಗೆ ಕೊಟ್ಟಿದ್ದು. ಪೊಲೀಸಿಗೆ ಕೊಟ್ಟಿದ್ರಲ್ಲಿ ಬೇಟೆ ಬಗ್ಗೆ ಎರಡೇ ಸಾಲು, ಫಾರೆಸ್ಟಿಗೆ ಕೊಟ್ಟಿದ್ರಲ್ಲಿ ದನದ ಬಗ್ಗೆ ಎರಡೇ ಸಾಲು, ಕೆಳಗೆ "ಪ್ರತಿ" ಅಂತ ಒಬ್ಬರದ್ದು ಇನ್ನೊಬ್ಬರಿಗೆ ಮತ್ತೆ ಡಿಸಿಎಫ್‌ಗೆ (ಅರಣ್ಯ ಇಲಾಖೆಯ ಉಪ ಸಂರಕ್ಷಣಾಧಿಕಾರಿ), ಎಸ್‌ಪಿಗೆ. "ಅದು ಅವರ ಮ್ಯಾಟರ್" ಅನ್ನೋ ಮಾತು ಅಲ್ಲಿಗೆ ನಿಂತೋಯ್ತು. ಪೊಲೀಸರು ಎಫ್‌ಐಆರ್ ತಗೊಳ್ಳಲ್ಲ ಅಂದ್ರೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173(4)ರಲ್ಲಿ ಎಸ್‌ಪಿಗೆ ಅಂಚೇಲಿ ಕಳಿಸಬಹುದು, ಎಫ್‌ಐಆರ್ ಆದ್ರೆ ಅದರ ಪ್ರತಿ ದೂರು ಕೊಟ್ಟೋರಿಗೆ ಪುಕ್ಕಟೆ ಕೊಡ್ಬೇಕು, ಜೆರಾಕ್ಸ್ ಕಾಸು ಕೂಡ ಕೇಳೋ ಹಂಗಿಲ್ಲ.

ಆಮೇಲೆ ಜಾಗದ ಪ್ರಶ್ನೆ. ಮಣಕ ಇದ್ದಿದ್ದು ಬೆಟ್ಟದಲ್ಲೋ ರಿಸರ್ವಲ್ಲೋ, ಹೆಂಗಸ್ರು ನಿಂತಿದ್ದು ಎಲ್ಲಿ? "ಮೊದಲು ಹದ್ದುಬಸ್ತು ಸರ್ವೆ ಮಾಡಿಸ್ಕೊಂಡು ಬನ್ನಿ" (ಅಂದ್ರೆ ಜಮೀನಿನ ಗಡಿ ಅಳತೆ) ಅಂತ ಒಬ್ರು ಹೇಳಿದ್ರು. ಸರ್ವೆಗೆ ಅರ್ಜಿ ಹಾಕಿ ಕಾದು ಕೂತಿದ್ರೆ ಇವತ್ತಿಗೂ ಕಾಯ್ತಿದ್ವಿ. ದಿಶಾಂಕ್ ಆ್ಯಪ್ ಹಾಕ್ಕೊಳ್ಳಿ, ನಿಂತ ಜಾಗದ ಸರ್ವೆ ನಂಬರ್ ತೋರಿಸತ್ತೆ, ಅದು ಕೋರ್ಟಿನ ಸಾಕ್ಷಿ ಅಲ್ಲ ಆದ್ರೆ ದೂರು ಬರೆಯೋಕೆ ಸಾಕು. ಮಣಕದ ರಕ್ತ ಬಿದ್ದ ಜಾಗ, ಬಲೆ ಕಟ್ಟಿದ ಮರದ ಮೇಲೆ ಹಗ್ಗ ಉಜ್ಜಿದ ಗುರುತು, ಜೀಪಿನ ಚಕ್ರದ ಅಚ್ಚು, ಇವುಗಳನ್ನ ಜಿಪಿಎಸ್ ಬರೋ ಕ್ಯಾಮೆರಾ ಆ್ಯಪಲ್ಲಿ ತೆಗ್ದು ಪ್ರಿಂಟ್ ಹಾಕಿಸಿ ಪಹಣಿ ಜೊತೆ ಲಗತ್ತಿಸಿದ್ವಿ. ಫೋನಿನ ಫೋಟೋ, ವಿಡಿಯೋ ಕೋರ್ಟಲ್ಲಿ ನಿಲ್ಬೇಕು ಅಂದ್ರೆ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಸರ್ಟಿಫಿಕೇಟ್ ಬೇಕು, ಅದಕ್ಕೆ ವಿಡಿಯೋ ಮಾಡಿದ ಫೋನಿಂದ ಒರಿಜಿನಲ್ ಅಳಿಸ್ಬೇಡಿ, ವಾಟ್ಸಾಪಲ್ಲಿ ಬಂದ ಕಾಪಿ ಮೇಲೆ ನಂಬ್ಕೊಂಡು ಇರ್ಬೇಡಿ.

ಮಹಜರಿಗೆ ಫಾರೆಸ್ಟಿನೋರು ಬಂದ ದಿನ ಹಳ್ಳದ ಹತ್ರ ಬಲೆಯ ಒಂದು ತುಂಡು, ನೈಲಾನ್ ಹಗ್ಗದ್ದು, ಪೊದೇಲಿ ಸಿಕ್ಕಾಕ್ಕೊಂಡು ಬಿದ್ದಿತ್ತು. ಅದಕ್ಕೆ ಹಂದಿ ಕೂದಲು ಅಂಟಿತ್ತು. ಅಲ್ಲಿಂದ ಅವರ ಮಾತೇ ಬದಲಾಯ್ತು, ನಿಜ ಹೇಳ್ಬೇಕಂದ್ರೆ ಚೆನ್ನಾಗೇ ಕೆಲಸ ಮಾಡಿದ್ರು. ನಾಯಿ ಫೋಟೋ ಹಿಡ್ಕೊಂಡು ಊರೂರು ಕೇಳಿದ್ರು. ಅರ್ಧ ಕಿವಿ ನಾಯಿ ಯಾರದ್ದು ಅಂತ ಎಲ್ರಿಗೂ ಗೊತ್ತು, ಹೇಳೋರು ಮಾತ್ರ ಇಲ್ಲ. ಕೊನೆಗೆ ಒಂದು ಶಾಲೆ ಹುಡುಗ ಹೇಳ್ಬಿಟ್ಟ. ಬಲೆ, ಈಟಿ ಜಪ್ತಿ ಆಯ್ತು, ನಾಯಿ ಜಪ್ತಿ ಮಾಡೋದಾ ಬೇಡ್ವಾ ಅಂತ ಆಫೀಸಲ್ಲಿ ದೊಡ್ಡ ಚರ್ಚೆ, ಮಾಡಿದ್ರೆ ಎಲ್ಲಿ ಕಟ್ಟೋದು, ಅನ್ನ ಹಾಕೋರು ಯಾರು ಅಂತ. ಕಡೆಗೆ ನಾಯಿ ಫೋಟೋ, ಗುರುತು ಬರ್ಕೊಂಡು ಮಾಲೀಕನಿಂದ ಮುಚ್ಚಳಿಕೆ ತಗೊಂಡು ಬಿಟ್ರು.

ಇಷ್ಟರಲ್ಲಿ ಊರು ನಮ್ಮ ಮೇಲೆ ತಿರುಗಿತ್ತು. ಇದನ್ನ ಯಾವ ವಕೀಲರೂ ಮುಂಚೆ ಹೇಳಲ್ಲ. ಮೂರನೇ ಕೊಯ್ಲಿಗೆ ಬರ್ತೀನಿ ಅಂದ ಕೊನೆಗೌಡ (ಮರ ಹತ್ತಿ ಅಡಿಕೆ ಕೊನೆ ಇಳಿಸೋನು) ಬರ್ಲಿಲ್ಲ, ಫೋನ್ ಎತ್ತಲ್ಲ, ಆಮೇಲೆ ಗೊತ್ತಾಯ್ತು ನಾಯಿ ಮಾಲೀಕ ಅವನ ಹೆಂಡತಿ ಕಡೆ ಸಂಬಂಧ. ಹಣ್ಣಡಿಕೆ ಉದುರ್ತಾ ಇದೆ, ಬೇರೆ ಕೊನೆಗೌಡರಿಗೆ ಕೈಕಾಲು ಹಿಡಿದು ಜಾಸ್ತಿ ಕೂಲಿ ಕೊಟ್ಟು ಕರೆಸ್ಬೇಕಾಯ್ತು. ಅತ್ತೆಯಂತೂ ದಿನಾ ಒಂದೇ ಮಾತು, "ಎಂತಕ್ಕೆ ಬೇಕಾಗಿತ್ತೆ ಕೂಸೆ, ಇದೇ ಊರಲ್ಲಿ ಇರವು ನಂಗೊ." ಹಂದಿ ಮಾಂಸದ ಪಾಲು ಹೋಗ್ತಿದ್ದ ಮನೆಗಳು ಯಾವ್ಯಾವು ಅಂತ ನಂಗೆ ಗೊತ್ತಾಗಿದ್ದು ಆವಾಗ್ಲೇ, ಯಾರು ಮಾತು ಬಿಟ್ರು ಅಂತ ನೋಡಿದ್ರೆ ಸಾಕಿತ್ತು.

ಹಂಗಂತ ಅವರ ಮಾತಲ್ಲಿ ಹುರುಳೇ ಇಲ್ಲ ಅಂತಾನೂ ನಾನು ಹೇಳಲ್ಲ. ಹಿರಿಯರು ನಾಲ್ಕು ಜನ ಸೇರಿ ದೇವಸ್ಥಾನದ ಚಂದ್ರಶಾಲೇಲಿ ಕೂರಿಸಿ ಮಾತಾಡಿಸಿದ್ರು. ನಾಯಿ ಮಾಲೀಕ ಎರಡು ಎಕರೆ ಗದ್ದೆ ಇರೋನು, ಎದ್ದು ನಿಂತು "ಅಕ್ಕಾ, ನಿಮಗೆ ತೋಟ ಐತೆ, ಒಂದು ರಾತ್ರೀಲಿ ಹಂದಿ ಬಂದು ಗದ್ದೆ ಹೊಡ್ಕೊಂಡು ಹೋದ್ರೆ ನನಗೆ ವರ್ಷದ ಅನ್ನ ಹೋತು, ಪರಿಹಾರದ ಅರ್ಜಿ ಹಾಕಿ ಚಪ್ಪಲಿ ಸವೀತು" ಅಂದ. ಅದು ನಿಜ. ನಾನೂ ಹೇಳಿದೆ, ಹಂದಿ ನಿಂಗೆ ತೊಂದ್ರೆ ಕೊಟ್ರೆ ನಿನ್ನ ಗದ್ದೆ ಅಂಚಲ್ಲಿ ಬೇಲಿ ಮಾಡು, ಅನುಮತಿಗೆ ಅರ್ಜಿ ಹಾಕು, ಅದಕ್ಕೆ ನಾನೇ ಬರ್ದು ಕೊಡ್ತೀನಿ, ಆದ್ರೆ ಹೆಂಗಸ್ರು ಕೆಲಸ ಮಾಡೋ ಬೆಟ್ಟದಲ್ಲಿ ಹದಿನೈದು ನಾಯಿ ಬಿಟ್ಟು ಕೋವಿ ಹಿಡ್ಕೊಂಡು ಕೂರೋದು ಗದ್ದೆ ಕಾಯೋದಲ್ಲ. ಮೂರು ಊರು ದಾಟಿ ಜೀಪಲ್ಲಿ ಬಂದೋರು ಯಾರ ಗದ್ದೆ ಕಾಯ್ತಿದ್ರು? ಅದಕ್ಕೆ ಉತ್ತರ ಬರ್ಲಿಲ್ಲ. ದನದ ಔಷಧಿ, ಅಕ್ಕನ ಆಸ್ಪತ್ರೆ ಖರ್ಚು, ಬಿಟ್ಟುಹೋದ ಕೂಲಿ ಅವನು ಕೊಡೋದು ಅಂತಾಯ್ತು, ಅರ್ಧ ಆಗ್ಲೇ ಕೊಟ್ಟ, ಉಳಿದಿದ್ದು ಅಡಿಕೆ ಕೊಯ್ಲಿನ ಕೂಲಿ ಬಂದ್ಮೇಲೆ.

ಇಲ್ಲೊಂದು ಎಚ್ಚರ. ಹಿರಿಯರು "ರಾಜಿ ಆಯ್ತಲ್ಲ, ಇನ್ನು ಕೇಸ್ ವಾಪಸ್ ತಗೊಳ್ಳಿ" ಅಂದ್ರು. ನಮ್ಮ ನಷ್ಟದ ವಿಷಯ ನಾವು ರಾಜಿ ಆಗಬಹುದು, ವನ್ಯಜೀವಿ ಕೇಸು ನಮ್ದಲ್ಲ, ಅದು ಇಲಾಖೆಯದ್ದು, ನಾವು ವಾಪಸ್ ತಗೊಳ್ತೀವಿ ಅಂದ್ರೂ ಆಗಲ್ಲ. ಇದನ್ನ ಅಲ್ಲೇ ಎಲ್ಲರ ಎದುರು ಹೇಳಿದ್ದು ಒಳ್ಳೇದಾಯ್ತು, ಇಲ್ಲಾಂದ್ರೆ ಆಮೇಲೆ ಮಾತು ತಪ್ಪಿದ್ರು ಅಂತ ಆಗ್ತಿತ್ತು. ರಾಜಿ ಕಾಗದದಲ್ಲೂ "ಔಷಧಿ ಖರ್ಚಿನ ಬಾಬ್ತು ಮಾತ್ರ" ಅಂತ ಬರೆಸಿದ್ವಿ.

ಇಷ್ಟಾದ್ರೂ ಫೈಲು ತಿಂಗಳುಗಟ್ಟಲೆ ಅಲ್ಲಾಡ್ಲಿಲ್ಲ. ಪ್ರತಿ ಸಲ "ಪರಿಶೀಲನೆಯಲ್ಲಿದೆ". ಆವಾಗ ವಕೀಲರು ವನ್ಯಜೀವಿ ಕಾಯ್ದೆಯ ಸೆಕ್ಷನ್ 55 ತೋರಿಸಿದ್ರು. ಇಲಾಖೆ ಕೇಸ್ ಹಾಕದಿದ್ರೆ ಯಾರು ಬೇಕಾದ್ರೂ 60 ದಿನದ ನೋಟೀಸ್ ಕೊಟ್ಟು ನೇರ ಕೋರ್ಟಿಗೆ ದೂರು ಕೊಡಬಹುದು. ನಾವು ನೋಟೀಸ್ ಕೊಡ್ಲಿಲ್ಲ, ಕೊಡ್ತೀವಿ ಅಂತ ಒಂದು ಪತ್ರ ಬರೆದು ರಿಜಿಸ್ಟರ್ಡ್ ಪೋಸ್ಟ್ ಹಾಕಿದ್ವಿ ಅಷ್ಟೇ. ಎಫ್‌ಒಸಿ ನಂಬರಿನ ಹಿಂಬರಹ ಬಂದಿದ್ದು ಅದಾದ್ಮೇಲೆ.

ಖರ್ಚು ಕೇಳೋರಿಗೆ: ಔಷಧಿ, ಪೆಟ್ರೋಲು, ಪ್ರಿಂಟು, ವಕೀಲರ ಫೀಸು (ಅವರು ಕಮ್ಮಿ ತಗೊಂಡ್ರು), ಅಕ್ಕನಿಗೆ ಕೊಟ್ಟ ಕೂಲಿ ಎಲ್ಲ ಸೇರಿ 10–12 ಸಾವಿರದ ಹತ್ರ. ಕೊನೆ ಕೊಯ್ಲು ತಡ ಆಗಿ ಉದುರಿದ ಅಡಿಕೆ ಲೆಕ್ಕ ಹಾಕಿದ್ರೆ ಅದರ ಎರಡರಷ್ಟು, ಅದನ್ನ ಯಾರೂ ಕೊಡಲ್ಲ.

ಬೇಟೆ ನಡೀತಾ ಇರೋವಾಗ್ಲೇ ಕಂಡ್ರೆ ನೀವು ಅಡ್ಡ ಹೋಗ್ಬೇಡಿ, ಗಾಯ ಆದ ಹಂದಿ ಮನುಷ್ಯರ ಮೇಲೇ ತಿರುಗತ್ತೆ, ಕೋವಿ ಇರೋ ಕಡೆ ಪೊದೆ ಅಲ್ಲಾಡಿದ್ರೂ ಗುಂಡು ಬರಬಹುದು. ಜನಾನ ಕರ್ಕೊಂಡು ಬಯಲಿಗೆ ಬನ್ನಿ, 1926 ಅರಣ್ಯ ಸಹಾಯವಾಣಿ, 112 ಎರಡಕ್ಕೂ ಫೋನ್ ಮಾಡಿ, ಫೋನ್ ಮಾಡಿದ ಟೈಮು ಬರ್ದಿಟ್ಕೊಳ್ಳಿ, ಗಾಡಿ ನಂಬರ್ ಸಿಕ್ರೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ, ಯಾಕಂದ್ರೆ ಬೇಟೆಗೆ ಬಳಸಿದ ಗಾಡಿ ಸರ್ಕಾರದ ಪಾಲಾಗೋಕೆ ಅದೇ ಕಾಯ್ದೆಯ ಸೆಕ್ಷನ್ 39ರಲ್ಲಿ ಅವಕಾಶ ಇದೆ, ಜೀಪಿನೋರಿಗೆ ಜೈಲಿಗಿಂತ ಅದರ ಭಯ ಜಾಸ್ತಿ.

ಈಗ ಉಳಿದಿರೋದು ಕೋರ್ಟು. ಚಾರ್ಜ್‌ಶೀಟ್ ಆದ್ರೆ ದರಕು ಗುಡಿಸ್ತಿದ್ದ ನಾಲ್ಕೂ ಜನ ಸಾಕ್ಷಿಗೆ ಬರ್ಬೇಕು. ಇಬ್ರು ಬರ್ತೀವಿ ಅಂದಿದಾರೆ, ಒಬ್ಬಳು ಗಂಡನ್ನ ಕೇಳಿ ಹೇಳ್ತೀನಿ ಅಂದಿದಾಳೆ, ಕೈ ಕಚ್ಚಿಸ್ಕೊಂಡ ಅಕ್ಕ ಮಾತ್ರ "ನೀವು ಬಸ್ ಚಾರ್ಜ್ ಕೊಡಿ, ಜಡ್ಜ್ ಎದ್ರಿಗೇ ಕೈ ತೋರಿಸ್ತೀನಿ" ಅಂತ ಕೂತಿದಾಳೆ.